‘ಬೆಂಕಿ ಮಳೆ’ ಮತ್ತು ತಂಗಿ ಕೇಳಿದ ಪಾಲು

ಬಾನು ಮುಷ್ತಾಕ್ ಅವರ ‘ಬೆಂಕಿ ಮಳೆ’ ಎಂದೊಡನೆ ನೆನಪಾಗುವುದು ಅದರಲ್ಲಿ ಬರುವ ಹೆಣ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ‘ಹಾರ್ಟ್ ಲ್ಯಾಂಪ್’ ಸಂಕಲನದಲ್ಲಿ, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಮೂಲಕ, ಈ ಕಥೆ ಕನ್ನಡದಾಚೆಗೂ ತಲುಪಿತು. ಮುಸ್ಲಿಮನೊಬ್ಬನ ಶವವನ್ನು ಹಿಂದೂ ಸ್ಮಶಾನದಲ್ಲಿ ಹೂಳಲಾಗಿದೆಯೆಂಬ ಸುದ್ದಿ ಬರುತ್ತದೆ. ಅದನ್ನು ಹೊರತೆಗೆಸಿ ಖಬರಸ್ತಾನದಲ್ಲಿ ದಫನ ಮಾಡಿಸಲು ಮಸೀದಿಯ ಮುತವಲ್ಲಿ ಟೊಂಕ ಕಟ್ಟಿ ನಿಲ್ಲುತ್ತಾನೆ.

ಆದರೆ ಕಥೆಯ ಬೇರು ಬೇರೆಡೆಯಿದೆ. ಮುತವಲ್ಲಿಯ ತಂಗಿ ತಂದೆಯ ಆಸ್ತಿಯಲ್ಲಿ ತನ್ನ ಪಾಲು ಕೇಳಿದ್ದಾಳೆ. ಇಲ್ಲವೆನ್ನಲು ಅವನಿಗೆ ಧರ್ಮದ ಆಧಾರವಿಲ್ಲ. ಆಸ್ತಿ ಅಲ್ಪವಿರಲಿ, ಅಧಿಕವಿರಲಿ, ಹೆಣ್ಣಿಗೂ ಅದರಲ್ಲಿ ನಿಶ್ಚಿತ ಪಾಲಿದೆಯೆಂದು ಕುರ್‌ಆನಿನ ‘ಅನ್ನಿಸಾ’ ಅಧ್ಯಾಯ ಸ್ಪಷ್ಟಪಡಿಸಿದೆ. ವಾದದಲ್ಲಿ ಗೆಲ್ಲಲಾಗದವನಿಗೆ ಹೆಣ ಒದಗಿ ಬರುತ್ತದೆ. ಸತ್ತವನ ಹಕ್ಕಿಗಾಗಿ ಹೋರಾಡುವವನನ್ನು ಬದುಕಿರುವ ತಂಗಿಯ ಹಕ್ಕಿನ ಬಗ್ಗೆ ಕೇಳುವವರು ಯಾರು?

ಇದನ್ನು ಧಾರ್ಮಿಕ ಮುಖಂಡನ ಸೋಗಲಾಡಿತನದ ವಿಡಂಬನೆಯೆಂದು ಓದುವುದು ಸುಲಭ. ಆ ಓದು ತಪ್ಪಲ್ಲ, ಆದರೆ ಅದು ನಮ್ಮನ್ನು ಬೇಗನೆ ಬಿಡುಗಡೆ ಮಾಡಿಬಿಡುತ್ತದೆ. ಕಥೆಯ ಒಂದು ಮಿತಿಯೂ ಇಲ್ಲಿದೆ. ಹೆಣದ ಪ್ರಸಂಗ ಎಷ್ಟು ರೋಚಕವೆಂದರೆ ತಂಗಿಯ ಬೇಡಿಕೆ ಓದುಗರ ಮನಸ್ಸಿನಿಂದಲೂ ಹಿಂದೆ ಸರಿಯುತ್ತದೆ. ಮುತವಲ್ಲಿ ತನ್ನ ಜಮಾಅತಿಗೆ ಮಾಡಿದ್ದನ್ನೇ ಕಥೆ ನಮಗೂ ಮಾಡುತ್ತದೆ. ಅವನನ್ನು ನೋಡಿ ನಕ್ಕವರು ಮನೆಗೆ ಹೋಗಿ ತಂಗಿಯ ಪಾಲಿನ ಲೆಕ್ಕ ಹಾಕುತ್ತಾರೆಯೇ?

ಲೆಕ್ಕವೇನೂ ಕಷ್ಟದ್ದಲ್ಲ. ತಂದೆ ತೀರಿಕೊಂಡು ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಮಾತ್ರ ವಾರಸುದಾರರಾಗಿ ಉಳಿದಿದ್ದಾರೆ ಎನ್ನೋಣ. ಸಾಲ, ವಸಿಯ್ಯತ್ ತೀರಿಸಿದ ಮೇಲೆ ಉಳಿದದ್ದು ಐದು ಪಾಲು. ಗಂಡುಮಕ್ಕಳಿಗೆ ಎರಡೆರಡು, ಮಗಳಿಗೆ ಒಂದು. ಮನೆ 50 ಲಕ್ಷ ಬಾಳಿದರೆ ಅವಳದು 10 ಲಕ್ಷ. ತಂದೆ ಕಣ್ಣು ಮುಚ್ಚಿದ ಕ್ಷಣದಿಂದಲೇ ಅದು ಅವಳದು, ಅಣ್ಣ ಕೊಡುವ ಉಡುಗೊರೆಯಲ್ಲ.

ಜಮೀನಾದರೆ ಅಳೆದು ಗಡಿಕಲ್ಲು ನೆಡಬಹುದು. ಒಂದೇ ಅಡುಗೆಮನೆಯಿರುವ ಮನೆಯನ್ನು ಹೇಗೆ ಐದು ಮಾಡುವುದು? ಈ ನಿಜವಾದ ತೊಡಕೇ ನೆಪವೂ ಆಗುತ್ತದೆ. ‘ಮದುವೆಗೆ ಚಿನ್ನ ಹಾಕಿದ್ದೇವಲ್ಲ’, ‘ಅಪ್ಪನ ಮನೆ ಮಾರಿಸುತ್ತೀಯಾ’, ‘ಪಾಲು ಬೇಕೋ, ತವರು ಬೇಕೋ’ ಎಂಬ ಮಾತುಗಳು ಬರುತ್ತವೆ. ಕೊನೆಗೆ ಅವಳು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾಳೆ. ಮನಃಪೂರ್ವಕವಾಗಿ ಬಿಟ್ಟುಕೊಟ್ಟರೆ ಅದು ಅವಳ ಔದಾರ್ಯ. ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಹಾಕಿದ ಸಹಿಯನ್ನು ಒಪ್ಪಿಗೆ ಎನ್ನುವುದು ಹೇಗೆ?

ಇದು ಮುಸ್ಲಿಮರ ಮನೆಯ ಕಥೆ ಮಾತ್ರವಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 23ನೇ ಕಲಮಿನ ಪ್ರಕಾರ, ಗಂಡು ವಾರಸುದಾರರು ತಾವಾಗಿ ಹಂಚಿಕೊಳ್ಳುವವರೆಗೆ ಕುಟುಂಬ ವಾಸವಿರುವ ಮನೆಯಲ್ಲಿ ಹೆಣ್ಣುಮಕ್ಕಳು ವಿಭಜನೆ ಕೇಳುವಂತಿರಲಿಲ್ಲ. 2005ರಲ್ಲಿ ಅದನ್ನು ತೆಗೆದುಹಾಕಲಾಯಿತು. ಒಂದು ಕಡೆ ಕಾನೂನೇ ಬಾಗಿಲಿಗೆ ಅಡ್ಡ ನಿಂತಿತ್ತು. ಇನ್ನೊಂದು ಕಡೆ ಧರ್ಮಗ್ರಂಥ ತೆರೆದಿಟ್ಟ ಬಾಗಿಲಿಗೆ ಅಣ್ಣಂದಿರು ಅಡ್ಡ ನಿಂತಿದ್ದಾರೆ.

ದಾರಿಗಳಿಲ್ಲದಿಲ್ಲ. ಮನೆಗೆ ಬೆಲೆ ಕಟ್ಟಿಸಿ, ಅಲ್ಲಿ ಉಳಿಯುವವನು ಉಳಿದವರ ಪಾಲನ್ನು ಕಂತಿನಲ್ಲಾದರೂ ಕೊಡಬಹುದು. ಬಾಡಿಗೆಗೆ ಕೊಟ್ಟು ಹಂಚಿಕೊಳ್ಳಬಹುದು. ಹೊಂದಾಣಿಕೆಯಾಗದಿದ್ದರೆ ಮಾರಿ ಹಣ ಹಂಚುವ, ಇಲ್ಲವೇ ಪಾಲುದಾರನೇ ಬೆಲೆ ತೆತ್ತು ಕೊಳ್ಳುವ ಅವಕಾಶ 1893ರ ವಿಭಜನಾ ಕಾಯ್ದೆಯಲ್ಲೇ ಇದೆ.

‘ಬೆಂಕಿ ಮಳೆ’ಯನ್ನು ಇನ್ನೊಮ್ಮೆ ಓದುವಾಗ ಹೆಣದ ಹಿಂದೆ ಓಡುವ ಗುಂಪನ್ನು ಬಿಟ್ಟು ತಂಗಿಯ ಬಳಿ ನಿಲ್ಲಬೇಕು. ಅವಳು ಕೇಳಿದ್ದು ದಾನವನ್ನಲ್ಲ, ಲೆಕ್ಕವನ್ನು. ಆ ಲೆಕ್ಕ ಎಷ್ಟು ಮನೆಗಳಲ್ಲಿ ಇನ್ನೂ ಬಾಕಿಯಿದೆಯೆಂಬುದು ಆಯಾ ಮನೆಯ ಅಣ್ಣಂದಿರಿಗೆ ಚೆನ್ನಾಗಿಯೇ ಗೊತ್ತಿದೆ.