‘ಇದು ಆ ಆಟವಲ್ಲ’: ಒಂದು ಆಟದ ನಾಲ್ಕನೆಯ ಆವೃತ್ತಿಯೂ ಆಟಗಾರರ ಆಕ್ಷೇಪಣೆಗಳೂ

2008ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಅಮೆರಿಕದ ವಿಜರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆಯವರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದ ನಾಲ್ಕನೆಯ ಆವೃತ್ತಿಯನ್ನು ಮೂರು ಸಂಪುಟಗಳಲ್ಲಿ ಹೊರತಂದರು. ಹಳೆಯ ಆಟಗಾರರಲ್ಲಿ ಅನೇಕರು ಅದರ ಮೇಲೆ ಹೊರಿಸಿದ ಆಪಾದನೆ ವಿಚಿತ್ರವಾದುದು. ಆಟ ಕೆಟ್ಟದ್ದೆಂದವರಿದ್ದರು, ಬೇಸರ ತರುವುದೆಂದವರೂ ಇದ್ದರು. ಆದರೆ ಪದೇ ಪದೇ ಕೇಳಿಬಂದ ಮಾತು ಬೇರೆ: ಆಟ ಚೆನ್ನಾಗಿದ್ದರೂ ಇರಬಹುದು, ಆದರೆ ಇದು ಆ ಆಟವಲ್ಲ. ಹೆಸರು ಅದೇ, ಆ ಹೆಸರಿನ ಮೇಲೆ ಪ್ರಕಾಶಕರಿಗಿದ್ದ ಹಕ್ಕೂ ಪ್ರಶ್ನಾತೀತ. ಹೀಗಿರುವಲ್ಲಿ, ಒಂದು ವಸ್ತು ತಾನೇ ಅಲ್ಲವೆಂದು ತೀರ್ಪು ಕೊಡುವ ಅಧಿಕಾರ ಆಟಗಾರರಿಗೆ ಎಲ್ಲಿಂದ ಬಂದಿತು? ಚರಿತ್ರೆಯ ವಿದ್ಯಾರ್ಥಿಗಳಾದ ನಮಗೆ ಈ ಪ್ರಶ್ನೆ ಹಗುರವಾಗಿ ತೋರಲಿಲ್ಲ.

ಆಟವನ್ನು ಕಾಣದ ವಾಚಕರಿಗಾಗಿ ಎರಡು ಮಾತು ಅವಶ್ಯಕ. 1974ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ಮೂರು ಕಿರುಹೊತ್ತಗೆಗಳಾಗಿ ಇದು ಪ್ರಕಟವಾಯಿತು. ಪುಟ್ಟ ಸೈನಿಕರ ಬೊಂಬೆಗಳನ್ನು ಮೇಜಿನ ಮೇಲೆ ನಡೆಸುವ ಯುದ್ಧದಾಟಗಳಿಂದ ಹುಟ್ಟಿದ ಇದರಲ್ಲಿ ಒಬ್ಬನು ಡಂಜನ್ ಮಾಸ್ಟರ್ ಆಗಿ ಕಥೆಯ ಲೋಕವನ್ನು ವರ್ಣಿಸುತ್ತಾನೆ. ಉಳಿದ ನಾಲ್ಕಾರು ಮಂದಿ ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ, ಅದು ಏನು ಮಾಡುವುದೆಂದು ನುಡಿದು, ಫಲವನ್ನು ದಾಳಗಳಿಂದ ತಿಳಿಯುತ್ತಾರೆ. ಪಗಡೆ ಚದುರಂಗಗಳಲ್ಲಿರುವಂತೆ ಒಬ್ಬನ ಗೆಲುವಿನಿಂದ ಆಟ ಮುಗಿಯುವುದಿಲ್ಲ. ಒಂದು ಕಾಗದದ ಮೇಲೆ ಬರೆದಿಟ್ಟ ಪಾತ್ರವು ವಾರವಾರವೂ ಮುಂದುವರಿದು, ಬಲಿತು, ಕೆಲವೊಮ್ಮೆ ಹತ್ತು ಹದಿನೈದು ವರ್ಷ ಬಾಳುವುದುಂಟು. ನಿಯಮ ಬದಲಾದರೆ ಆ ಕಾಗದದ ಮೇಲಿರುವ ಜೀವಕ್ಕೆ ಏನಾಗುವುದೆಂಬುದೇ ಆಟಗಾರನ ಮೊದಲನೆಯ ಆತಂಕ.

ಇಂತಹ ವಿರೋಧಗಳನ್ನು ಕಂಡಾಗ, ಜನರಿಗೆ ಹೊಸತೆಂದರೆ ಆಗದು ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಈ ವಿವರಣೆ ಹಿಂದಿನ ಸಂಗತಿಗಳ ಮುಂದೆ ನಿಲ್ಲುವುದಿಲ್ಲ. 1989ರ ಎರಡನೆಯ ಆವೃತ್ತಿಯು ಆಟಗಾರರ ಮೂಲಪುಸ್ತಕದಿಂದ ‘ಅಸ್ಯಾಸಿನ್’ ಎಂಬ ಕೊಲೆಗಾರನ ವೃತ್ತಿಯನ್ನೂ ‘ಹಾಫ್-ಆರ್ಕ್’ ಎಂಬ ಮಿಶ್ರಕುಲವನ್ನೂ ತೆಗೆದುಹಾಕಿತು. 2000ದ ಮೂರನೆಯ ಆವೃತ್ತಿಯು ಆಟದ ಗಣಿತವನ್ನೇ ತಲೆಕೆಳಗು ಮಾಡಿತು. ಅಲ್ಲಿಯವರೆಗೆ ಕವಚದ ಬಲವನ್ನು ಸೂಚಿಸುವ ಅಂಕಿ ಇಳಿದಷ್ಟೂ ರಕ್ಷಣೆ ಹೆಚ್ಚು: ಬರಿಮೈಯವನಿಗೆ 10, ಉತ್ತಮ ಕವಚ ತೊಟ್ಟವನಿಗೆ ಸೊನ್ನೆ, ಅದಕ್ಕಿಂತಲೂ ಮೇಲಾದವನಿಗೆ ಸೊನ್ನೆಗಿಂತ ಕೆಳಗಿನ ಋಣಸಂಖ್ಯೆ. ಏಟು ತಗುಲಿತೇ ಎಂದು ತಿಳಿಯಲು ‘ಥ್ಯಾಕೋ’ ಎಂಬ ಸಂಖ್ಯೆಯಿಂದ ಇದನ್ನು ಕಳೆಯಬೇಕಾಗಿತ್ತು. ಈ ಕ್ರಮವನ್ನು ಹೊಸಬರಿಗೆ ವಿವರಿಸುವುದೇ ಒಂದು ಸಂಜೆಯ ಕೆಲಸ. ಮೂರನೆಯ ಆವೃತ್ತಿಯಲ್ಲಿ ಅಂಕಿ ಏರಿದಷ್ಟೂ ರಕ್ಷಣೆ ಹೆಚ್ಚು ಎಂದಾಯಿತು. ಗೊಣಗಿದವರು ಆಗಲೂ ಇದ್ದರು; ಆದರೂ ಬಹುಮಂದಿ ಅದನ್ನು ಒಪ್ಪಿಕೊಂಡರು. ಹಳೆಯ ಪಾತ್ರಗಳನ್ನು ಹೊಸ ನಿಯಮಗಳಿಗೆ ಹೊಂದಿಸಿಕೊಳ್ಳುವ ಬಗೆಯನ್ನು ತಿಳಿಸುವ ಒಂದು ಕೈಪಿಡಿಯನ್ನು ಪ್ರಕಾಶಕರು ಆಗ ಒದಗಿಸಿದ್ದುದನ್ನು ಇಲ್ಲಿ ಗಮನಿಸತಕ್ಕದ್ದು. ಸೇತುವೆ ಇದ್ದುದರಿಂದ ಜನ ಹೊಳೆ ದಾಟಿದರು.

ನಾಲ್ಕನೆಯ ಆವೃತ್ತಿಯು ಅಂತಹ ಸೇತುವೆಯನ್ನು ಕಟ್ಟಲಿಲ್ಲ. ಪಾತ್ರಗಳನ್ನು ಹೊಸದಾಗಿ ರಚಿಸಿಕೊಳ್ಳುವುದೇ ಮೇಲೆಂಬ ಸಲಹೆ ದೊರೆಯಿತು. ಹತ್ತು ವರ್ಷ ‘ನೋಮ್’ ಎಂಬ ಕುಳ್ಳಕುಲದ ಗಾಯಕನೊಬ್ಬನ ಪಾತ್ರವನ್ನು ವಹಿಸಿದ್ದ ಆಟಗಾರನನ್ನು ಊಹಿಸೋಣ. ಹೊಸ ಪುಸ್ತಕವನ್ನು ತೆರೆದರೆ ಆಟಗಾರರು ಆರಿಸಿಕೊಳ್ಳಬಹುದಾದ ಕುಲಗಳಲ್ಲಿ ನೋಮ್ ಇಲ್ಲ, ವೃತ್ತಿಗಳಲ್ಲಿ ‘ಬಾರ್ಡ್’ ಎಂಬ ಗಾಯಕನೂ ಇಲ್ಲ. ನೋಮ್ ಸಿಕ್ಕುತ್ತಿದ್ದುದು ರಾಕ್ಷಸ ಮೃಗಗಳ ವರ್ಣನೆಗೆ ಮೀಸಲಾದ ಸಂಪುಟದಲ್ಲಿ. 2009ರಲ್ಲಿ ಬಂದ ಎರಡನೆಯ ಆಟಗಾರರ ಪುಸ್ತಕದಲ್ಲಿ ಇವೆರಡೂ ಮರಳಿದುವು, ನಿಜ. ಆದರೆ ಅದಕ್ಕೆ ಮತ್ತೊಮ್ಮೆ ಹಣ ತೆರಬೇಕಾಯಿತು.

ಆಟದ ಒಳರಚನೆಯಲ್ಲಾದ ಮಾರ್ಪಾಡು ಇದಕ್ಕಿಂತ ಆಳವಾದುದು. ಮೊದಲಿನಿಂದಲೂ ಯೋಧನೂ ಮಾಂತ್ರಿಕನೂ ಬೇರೆ ಬೇರೆ ರೀತಿಯಲ್ಲಿ ಆಡಲ್ಪಡುತ್ತಿದ್ದರು. ಯೋಧನು ಸರದಿ ಬಂದಾಗಲೆಲ್ಲ ಕತ್ತಿ ಬೀಸುವನು. ಮಾಂತ್ರಿಕನಾದರೋ ಬೆಳಗ್ಗೆ ಎದ್ದು ಇಂತಿಂಥ ಮಂತ್ರಗಳೆಂದು ನೆನಪಿನಲ್ಲಿ ತುಂಬಿಕೊಳ್ಳಬೇಕು. ಒಂದನ್ನು ಪ್ರಯೋಗಿಸಿದೊಡನೆ ಅದು ನೆನಪಿನಿಂದ ಅಳಿಸಿಹೋಗುವುದು. ಜ್ಯಾಕ್ ವ್ಯಾನ್ಸ್ ಎಂಬ ಕಥೆಗಾರನ ಅದ್ಭುತ ಕಥೆಗಳಿಂದ ಎರವಲು ತಂದ ಕಲ್ಪನೆಯಿದು. ನಾಲ್ಕನೆಯ ಆವೃತ್ತಿಯು ಈ ಭೇದವನ್ನು ತೊಡೆದು, ಎಲ್ಲ ವೃತ್ತಿಗಳಿಗೂ ಒಂದೇ ಚೌಕಟ್ಟನ್ನು ಕೊಟ್ಟಿತು: ಎಷ್ಟು ಸಲವಾದರೂ ಬಳಸಬಹುದಾದ ಶಕ್ತಿಗಳು, ಒಂದು ಕಾಳಗಕ್ಕೆ ಒಮ್ಮೆ ಬಳಸತಕ್ಕವು, ದಿನಕ್ಕೆ ಒಮ್ಮೆ ಬಳಸತಕ್ಕವು. ಮಾಂತ್ರಿಕನ ಬೆಂಕಿಯೂ ಯೋಧನ ಕತ್ತಿಯೂ ಒಂದೇ ಅಚ್ಚಿನ ಚೌಕಗಳಲ್ಲಿ ಮುದ್ರಿತವಾದುವು. ದೂರವನ್ನು ಅಡಿಗಳಲ್ಲಿ ಹೇಳುತ್ತಿದ್ದ ಪುಸ್ತಕ ಈಗ ಮನೆಗಳ ಲೆಕ್ಕದಲ್ಲಿ ಹೇಳಿತು. ಒಂಬತ್ತು ಬಗೆಯ ನೀತಿಸ್ವಭಾವಗಳು ಐದಕ್ಕಿಳಿದುವು. ಗಾಯಗೊಂಡವನು ಐದು ನಿಮಿಷ ಕುಳಿತು ದಣಿವಾರಿಸಿಕೊಂಡರೆ, ‘ಹೀಲಿಂಗ್ ಸರ್ಜ್’ ಎಂಬ ದಿನದ ದಾಸ್ತಾನಿನಿಂದ ತಾನೇ ಚೇತರಿಸಿಕೊಳ್ಳಬಹುದಾಗಿತ್ತು.

ಇದು ಗಣಕಯಂತ್ರದ ಆಟಗಳ ಅನುಕರಣೆ ಎಂಬ ದೂರು ಬಹಳ ಕೇಳಿಬಂದಿತು. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆಟದ ಹೆಸರನ್ನು ಎತ್ತಿದವರು ಹಲವರು. ಈ ದೂರಿನಲ್ಲಿ ನಮಗೆ ಹೆಚ್ಚಿನ ಸತ್ತ್ವ ಕಾಣುವುದಿಲ್ಲ. ಆ ಯಂತ್ರದಾಟಗಳೇ ತಮ್ಮ ಬಂಡವಾಳದ ದೊಡ್ಡ ಪಾಲನ್ನು ಈ ಮೇಜಿನಾಟದಿಂದ ಸಾಲ ತಂದವು. ಮನೆಗಳ ಮೇಲೆ ಬೊಂಬೆ ನಡೆಸುವುದನ್ನು ಹೊಸ ಕೆಡುಕೆಂದು ಬಗೆದವರು ಆಟದ ಪೂರ್ವಜರನ್ನು ಮರೆತರೆಂದೇ ಹೇಳಬೇಕು. ಪ್ರತಿಯೊಂದು ವೃತ್ತಿಗೂ ರಕ್ಷಕ, ಘಾತಕ, ನಾಯಕ, ನಿಯಂತ್ರಕ ಎಂಬ ನಾಲ್ಕು ಪಾಲುಗಳಲ್ಲಿ ಒಂದನ್ನು ಬಹಿರಂಗವಾಗಿ ಹಚ್ಚಿದ್ದು ಸಂಶಯಕ್ಕೆ ಆಸ್ಪದ ಕೊಟ್ಟಿತೆಂಬುದನ್ನು ಮಾತ್ರ ಒಪ್ಪಬಹುದು.

ಹೊಸ ನಿಯಮಗಳ ಪರವಾಗಿ ನಿಂತವರ ಮಾತನ್ನೂ ಕೇಳಬೇಕಾದುದು ನ್ಯಾಯ. ಮೂರನೆಯ ಆವೃತ್ತಿಯಲ್ಲಿ ಪಾತ್ರಗಳು ಮೇಲಿನ ಹಂತಗಳಿಗೆ ಏರಿದಂತೆ ಮಾಂತ್ರಿಕನು ಹಾರಬಲ್ಲ, ಅದೃಶ್ಯನಾಗಬಲ್ಲ, ಲೋಕಾಂತರಕ್ಕೆ ಹೋಗಬಲ್ಲ. ಯೋಧನು ಆಗಲೂ ಕತ್ತಿ ಬೀಸುತ್ತಲೇ ಇರುವನು. ವರ್ಷಗಟ್ಟಲೆ ಯೋಧನಾಗಿ ಆಡಿ, ಮೇಜಿನ ಮೂಲೆಯಲ್ಲಿ ಸರದಿಗಾಗಿ ಕಾದು ಕುಳಿತವನಿಗೆ ನಾಲ್ಕನೆಯ ಆವೃತ್ತಿಯು ಸಮಪಾಲನ್ನು ಕೊಟ್ಟಿತು. ಡಂಜನ್ ಮಾಸ್ಟರ್‌ನ ಪೂರ್ವಸಿದ್ಧತೆಯೂ ಹಗುರವಾಯಿತು. ಈ ಲಾಭಗಳನ್ನು ವಿರೋಧಿಗಳಲ್ಲಿ ಬಹುಮಂದಿ ಲೆಕ್ಕಕ್ಕೆ ಹಿಡಿಯಲಿಲ್ಲ.

ಆದರೂ ಅವರ ಅಸಮಾಧಾನದಲ್ಲಿ ಒಂದು ತಥ್ಯವಿತ್ತೆಂಬುದು ನಮ್ಮ ಅಭಿಪ್ರಾಯ. ಮಾಂತ್ರಿಕನನ್ನು ಆಡುವುದೆಂದರೆ ಬೆಳಗಿನಲ್ಲೇ ದಿನದ ಅಪಾಯಗಳನ್ನು ಊಹಿಸುವುದು, ತಪ್ಪಾಗಿ ಊಹಿಸಿ ಬರಿಗೈಯವನಾಗುವುದು. ಯೋಧನನ್ನು ಆಡುವುದೆಂದರೆ ಆ ಚಿಂತೆಯಿಲ್ಲದೆ ಮುನ್ನುಗ್ಗುವುದು. ನಿಯಮದ ವ್ಯತ್ಯಾಸವೇ ಸ್ವಭಾವದ ವ್ಯತ್ಯಾಸವನ್ನು ಆಟಗಾರನಿಗೆ ಕಲಿಸುತ್ತಿತ್ತು. ಪಾಲು ಸಮನಾಗಬೇಕಾದರೆ ಆಕಾರವೂ ಒಂದೇ ಆಗಬೇಕೆಂದು ರಚಕರು ತಿಳಿದದ್ದು ಈ ಆವೃತ್ತಿಯ ದೊಡ್ಡ ದೋಷ.

ಅಸಮಾಧಾನವು ಒಡಕಾಗಿ ಪರಿಣಮಿಸಿದುದಕ್ಕೆ ಕಾರಣ ಮಾತ್ರ ಬೇರೊಂದು. 1989ರಲ್ಲಿ ಮುನಿದವನಿಗೆ ಹಳೆಯ ಪುಸ್ತಕಗಳನ್ನು ಕಾಪಾಡಿಕೊಳ್ಳುವುದರ ಹೊರತು ದಾರಿಯಿರಲಿಲ್ಲ. ಆದರೆ 2000ದಲ್ಲಿ ಪ್ರಕಾಶಕರೇ ಮೂರನೆಯ ಆವೃತ್ತಿಯ ನಿಯಮಗಳ ಬಹುಭಾಗವನ್ನು ಇತರರೂ ಮುದ್ರಿಸಬಹುದೆಂದು ‘ಓಪನ್ ಗೇಮ್ ಲೈಸೆನ್ಸ್’ ಎಂಬ ಪರವಾನಗಿಯ ಮೂಲಕ ಬಿಟ್ಟುಕೊಟ್ಟಿದ್ದರು. ಆಟದ ಎರಡು ಪತ್ರಿಕೆಗಳನ್ನು ನಡೆಸುತ್ತಿದ್ದ ಪೈಜೋ ಸಂಸ್ಥೆಗೆ 2007ರಲ್ಲಿ ಆ ಪತ್ರಿಕೆಗಳು ಕೈತಪ್ಪಿದುವು. ನಾಲ್ಕನೆಯ ಆವೃತ್ತಿಗೆ ವಿಧಿಸಿದ ಪರವಾನಗಿ ಹಿಂದಿನದಕ್ಕಿಂತ ಬಿಗಿಯಾಗಿತ್ತು. ಪೈಜೋದವರು 2008ರ ಮಾರ್ಚಿಯಲ್ಲಿ, ಎಂದರೆ ಹೊಸ ಆವೃತ್ತಿ ಅಂಗಡಿಗೆ ಬರುವ ಮೊದಲೇ, ಹಳೆಯ ನಿಯಮಗಳನ್ನು ತಿದ್ದಿದ ‘ಪಾತ್‌ಫೈಂಡರ್’ ಆಟದ ಕರಡನ್ನು ಸಾರ್ವಜನಿಕರ ಪರೀಕ್ಷೆಗೆ ಇಟ್ಟು, 2009ರ ಆಗಸ್ಟಿನಲ್ಲಿ ಪೂರ್ಣ ಗ್ರಂಥವನ್ನು ಪ್ರಕಟಿಸಿದರು. ಪರವಾನಗಿಯು ನಿಯಮಗಳನ್ನು ಕೊಟ್ಟಿತ್ತೇ ಹೊರತು ಹೆಸರನ್ನು ಕೊಟ್ಟಿರಲಿಲ್ಲ. ಹೀಗೆ ಹಳೆಯ ಹೆಸರಿನಲ್ಲಿ ಹೊಸ ಆಟವೂ ಹೊಸ ಹೆಸರಿನಲ್ಲಿ ಹಳೆಯ ಆಟವೂ ಒಂದೇ ಅಂಗಡಿಯಲ್ಲಿ ಪಕ್ಕಪಕ್ಕದಲ್ಲಿ ಕುಳಿತವು. ‘ಇದು ಆ ಆಟವಲ್ಲ’ ಎಂದವರ ಮಾತು ಕೇವಲ ಭಾವಾವೇಶವಲ್ಲವೆಂಬುದಕ್ಕೆ ಅವರು ಹಣ ಕೊಟ್ಟು ಕೊಂಡ ಆ ಎರಡನೆಯ ಪುಸ್ತಕವೇ ಸಾಕ್ಷಿ.

ಸಾಕ್ಷ್ಯದ ವಿಷಯದಲ್ಲಿ ಒಂದು ಎಚ್ಚರಿಕೆ. ಮುನಿದವರು ಬರೆಯುತ್ತಾರೆ, ತೃಪ್ತರಾದವರು ಆಡುತ್ತಾರೆ. ಮೊದಲನೆಯವರ ಬರಹ ರಾಶಿಯಾಗಿದೆಯೆಂದು ಅವರೇ ಬಹುಸಂಖ್ಯಾತರೆಂದು ತೀರ್ಮಾನಿಸಿದರೆ ನಾವು ಎಡವುತ್ತೇವೆ.

ಇದಕ್ಕಿಂತ ಗಟ್ಟಿಯಾದ ಪುರಾವೆ ಐದನೆಯ ಆವೃತ್ತಿಯಲ್ಲಿದೆ. 2012ರಿಂದ ಕರಡುಗಳನ್ನು ಆಟಗಾರರಿಗೇ ಕೊಟ್ಟು, ಅವರ ಅಭಿಪ್ರಾಯ ಪಡೆದು, 2014ರಲ್ಲಿ ಇದನ್ನು ಪ್ರಕಟಿಸಿದರು. ದೂರ ಮತ್ತೆ ಅಡಿಗಳಿಗೆ ಬಂದಿತು, ಒಂಬತ್ತು ನೀತಿಸ್ವಭಾವಗಳು ಮರಳಿದುವು, ಯೋಧನಿಗೂ ಮಾಂತ್ರಿಕನಿಗೂ ಬೇರೆ ಬೇರೆ ಆಕಾರ ಬಂದಿತು. ಆದರೆ ಮಾಂತ್ರಿಕನ ಸಣ್ಣ ಮಂತ್ರಗಳು ನಾಲ್ಕನೆಯ ಆವೃತ್ತಿಯಲ್ಲಿದ್ದಂತೆ ಎಣಿಕೆಯಿಲ್ಲದೆ ಬಳಸತಕ್ಕವಾಗಿಯೇ ಉಳಿದುವು. ಗಾಯಾಳು ತನ್ನ ದಾಸ್ತಾನಿನಿಂದ ತಾನೇ ಚೇತರಿಸಿಕೊಳ್ಳುವ ನಿಯಮವೂ ಉಳಿಯಿತು. ಐದು ನಿಮಿಷದ ವಿಶ್ರಾಂತಿ ಒಂದು ಗಂಟೆಯದಾಯಿತು. ‘ಹೀಲಿಂಗ್ ಸರ್ಜ್’ ಎಂಬ ಹೆಸರು ಹೋಗಿ ‘ಹಿಟ್ ಡೈಸ್’ ಎಂಬ ಶಬ್ದ ಬಂದಿತು. ಈ ಶಬ್ದವಾದರೋ ಆಟದ ಆರಂಭಕಾಲದಷ್ಟು ಹಳೆಯದು. ಅದಕ್ಕೆ ಕೆಲಸ ಮಾತ್ರ ಹೊಸತು. ಹಿಂದೆ ಕೋಲಾಹಲವೆಬ್ಬಿಸಿದ ನಿಯಮ ಈ ಉಡುಪಿನಲ್ಲಿ ಬಂದಾಗ ಹೆಚ್ಚು ಗದ್ದಲವಿಲ್ಲದೆ ಒಳಹೊಕ್ಕಿತು. ಆಟಗಾರರು ನಿಯಮಕ್ಕಿಂತಲೂ ಹೆಚ್ಚಾಗಿ ಪರಿಭಾಷೆಯನ್ನು ಕಾಯುತ್ತಿದ್ದರೆಂದು ಇದರಿಂದ ನಾವು ಊಹಿಸುತ್ತೇವೆ. ಇದನ್ನು ಮೌಢ್ಯವೆನ್ನಲಾಗದು: ಹತ್ತು ವರ್ಷದ ಕಥೆಯನ್ನು ಅವರು ತಮ್ಮೊಳಗೆ ಹೇಳಿಕೊಂಡದ್ದು ಆ ಶಬ್ದಗಳಲ್ಲಿಯೇ.

ಪ್ರಕಾಶಕರು ಈ ಪಾಠವನ್ನು ಅರ್ಧ ಕಲಿತಂತೆ ತೋರುತ್ತದೆ. 2023ರ ಜನವರಿಯಲ್ಲಿ ಹಳೆಯ ಪರವಾನಗಿಯನ್ನೇ ರದ್ದುಗೊಳಿಸುವ ಅವರ ಯೋಜನೆ ಬಯಲಾದಾಗ ಎದ್ದ ಪ್ರತಿಭಟನೆಗೆ ಮಣಿದು, ಅದೇ ತಿಂಗಳು 27ರಂದು ಐದನೆಯ ಆವೃತ್ತಿಯ ಮೂಲನಿಯಮಗಳನ್ನು ‘ಕ್ರಿಯೇಟಿವ್ ಕಾಮನ್ಸ್’ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಟ್ಟರು. 2024ರಲ್ಲಿ ಪರಿಷ್ಕರಿಸಿದ ಪುಸ್ತಕಗಳಿಗೆ ಆರನೆಯ ಆವೃತ್ತಿಯೆಂದು ಹೆಸರಿಡುವ ಧೈರ್ಯವನ್ನು ಅವರು ಮಾಡಲಿಲ್ಲ. ಆ ಆಟಗಾರರ ಪುಸ್ತಕದಲ್ಲಿ ನೋಮ್ ಇದೆ, ಬಾರ್ಡನೂ ಇದ್ದಾನೆ. 1989ರಲ್ಲಿ ಹೋಗಿ, 2000ದಲ್ಲಿ ಮರಳಿ, 2008ರಲ್ಲಿ ಮತ್ತೆ ಕಾಣೆಯಾಗಿ, 2014ರಲ್ಲಿ ಸ್ಥಾನ ಪಡೆದಿದ್ದ ಹಾಫ್-ಆರ್ಕ್ ಅದರಲ್ಲಿಲ್ಲ. ಅಂತಹ ಪಾತ್ರವನ್ನು ಮುಂದುವರಿಸಬೇಕೆನ್ನುವವರು 2014ರ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಆಡಬಹುದು.