ಅನುಮತಿಯಿಲ್ಲದ ಅನುವಾದ ಮತ್ತು ವಾಚಕನ ಋಣ

ಜಪಾನಿನ ಚಿತ್ರಕಥೆಗಳಿಗೆ 'ಮಾಂಗಾ' ಎಂದು ಹೆಸರು. ಈ ಹೆಸರು ಇಂದು ಆಜರೆಯಂಥ ಸಣ್ಣ ಊರಿನ ಶಾಲಾಬಾಲಕರ ಬಾಯಲ್ಲಿಯೂ ಕೇಳಬರುತ್ತದೆ. ಅವರು ಮೊಬೈಲಿನಲ್ಲಿ ಓದುವದು ಹೆಚ್ಚಾಗಿ ಇಂಗ್ಲಿಷ ಅನುವಾದವನ್ನು. ಅದಾದರೂ ಬಹುಶಃ ಪ್ರಕಾಶಕರು ಮಾಡಿಸಿದ್ದಲ್ಲ. ಅಭಿಮಾನಿಗಳು ಮೂಲ ಪುಟಗಳ ಪಡಿಯಚ್ಚು ತೆಗೆದು, ಮಾತಿನ ಗುಳ್ಳೆಯೊಳಗಿನ ಜಪಾನೀ ಅಕ್ಷರಗಳನ್ನು ಅಳಿಸಿ, ಅಲ್ಲಿ ತಮ್ಮ ಅನುವಾದವನ್ನು ತುಂಬಿ, ಯಾರ ಅಪ್ಪಣೆಯನ್ನೂ ಕೇಳದೆ ಅಂತರ್ಜಾಲದಲ್ಲಿ ಹಂಚುತ್ತಾರೆ. ಇದನ್ನು ಓದುವದು ನ್ಯಾಯವೇ? ಇದು ವಕೀಲರಿಗೆ ಬಿಟ್ಟ ಪ್ರಶ್ನೆಯೆಂದು ನಾವು ಸುಮ್ಮನಿರುವಂತಿಲ್ಲ. ಅನುವಾದವನ್ನುಂಡು ಬೆಳೆದ ಕನ್ನಡ ವಾಚಕರಿಗೆ ಇದು ಮನೆಯ ಪ್ರಶ್ನೆಯೇ ಆಗಿದೆ.

ನಮ್ಮ ಕಾದಂಬರಿಯ ಬಾಲ್ಯವನ್ನು ನೆನೆಯೋಣ. ಬಿ. ವೆಂಕಟಾಚಾರ್ಯರು (೧೮೪೫–೧೯೧೪) ಬಂಕಿಮಚಂದ್ರರನ್ನು ಬಂಗಾಲಿಯಿಂದ ಕನ್ನಡಕ್ಕೆ ಕರೆತಂದರು. ಗಳಗನಾಥರು (೧೮೬೯–೧೯೪೨) ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ತಂದರು. ಕನ್ನಡಿಗರಿಗೆ ಕಾದಂಬರಿಯ ರುಚಿ ಹತ್ತಿದ್ದು ಬಹುಮಟ್ಟಿಗೆ ಇವರಿಂದ. 'ಅವರು ಮಾಡಿದ್ದನ್ನೇ ನಾವೂ ಮಾಡುತ್ತೇವೆ' ಎಂದು ಇಂದಿನ ಅಭಿಮಾನಿ ವಾದಿಸಬಹುದು. ಪ್ರೀತಿಯ ಮಟ್ಟಿಗೆ ಆ ಮಾತು ಸುಳ್ಳಲ್ಲ. ಆದರೆ ಎರಡು ಭೇದಗಳನ್ನು ಮರೆಯಲಾಗದು. ಗಳಗನಾಥರು ಪುಸ್ತಕದ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದವರು. ತಮ್ಮ ಕೆಲಸದ ಹೊಣೆಯನ್ನು ಬಹಿರಂಗವಾಗಿ ಹೊತ್ತವರು. ಇಂದಿನ ಅನುವಾದಕಾರ ಬಹುಧಾ ಗುಪ್ತನಾಮದ ಮರೆಯಲ್ಲಿರುತ್ತಾನೆ.

ಎರಡನೆಯ ಭೇದ ಕಾಯಿದೆಯದು. ೧೯೧೪ರ ಕಾಯಿದೆಯಂತೆ ಈ ನಾಡಿನಲ್ಲಿ ಪ್ರಕಟವಾದ ಕೃತಿಯ ಅನುವಾದದ ಹಕ್ಕು ಗ್ರಂಥಕರ್ತನಲ್ಲಿ ಹತ್ತು ವರ್ಷ ಮಾತ್ರ ಇರುತ್ತಿತ್ತು. ಆ ಅವಧಿಯಲ್ಲಿ ಅವನು ಯಾವ ಭಾಷೆಗೆ ಅನುವಾದ ಮಾಡಿಸುತ್ತಿದ್ದನೋ ಆ ಭಾಷೆಯ ಮಟ್ಟಿಗೆ ಅದು ಮುಂದೆಯೂ ಉಳಿಯುತ್ತಿತ್ತು. ೧೯೫೭ರ ಕಾಯಿದೆ ಈ ಹತ್ತು ವರ್ಷದ ಮಿತಿಯನ್ನು ತೆಗೆದಿತು. ಈಗ ಆ ಹಕ್ಕು ಲೇಖಕನ ಜೀವಿತದಲ್ಲಿಯೂ ಅವನ ತರುವಾಯ ೬೦ ವರ್ಷವೂ ನಡೆಯುತ್ತದೆ. ಆದರೂ ಅದು ಒಂದು ಬಾಗಿಲನ್ನು ತೆರೆದಿರಿಸಿದೆ: ಸಾಹಿತ್ಯಕೃತಿ ಪ್ರಕಟವಾಗಿ ಏಳು ವರ್ಷ ಕಳೆದು, ತನ್ನ ಭಾಷೆಯಲ್ಲಿ ಅನುವಾದ ಬಾರದಿದ್ದರೆ, ಒಡೆಯನನ್ನು ಕೇಳಿಯೂ ಒಪ್ಪಿಗೆ ದೊರೆಯದವನು ಗೌರವಧನ ಕೊಡುವ ಕರಾರಿನ ಮೇಲೆ ಪರವಾನಿಗೆ ಬೇಡಬಹುದು. ಅಂದರೆ ಕಾಯಿದೆಯೂ ಲೇಖಕನ ಹಕ್ಕಿನೊಡನೆ ವಾಚಕನ ಭಾಷೆಯನ್ನು ತೂಗಿ ನೋಡಿದೆ.

ಇನ್ನು ಗುಣದ ವಿಚಾರ. ಅಭಿಮಾನಿಗಳ ಅನುವಾದವೆಂದ ಮಾತ್ರಕ್ಕೆ ಕೀಳೆನ್ನುವದು ವಿಮರ್ಶೆಯಲ್ಲ. ಜಪಾನೀಯರು ಹೆಸರಿನ ಕೊನೆಗೆ 'ಸಾನ್', 'ಕುನ್', 'ಚಾನ್' ಎಂಬ ಪ್ರತ್ಯಯಗಳನ್ನು ಹಚ್ಚಿ ಗೌರವವನ್ನೂ ಸಲಿಗೆಯನ್ನೂ ಸೂಚಿಸುತ್ತಾರೆ. ಅಧಿಕೃತ ಇಂಗ್ಲಿಷ ಅನುವಾದಗಳಲ್ಲಿ ಹಲವು ಇವನ್ನು ಕೈಬಿಟ್ಟಿವೆ. ಅಭಿಮಾನಿಗಳು ಬಹುಮಟ್ಟಿಗೆ ಉಳಿಸಿಕೊಂಡು ಅಂಚಿನಲ್ಲಿ ಟಿಪ್ಪಣಿ ಬರೆಯುತ್ತಾರೆ. ಇದು ಮೆಚ್ಚತಕ್ಕದ್ದು. ಆದರೆ ಮೂಲ ಹೊರಬಿದ್ದೊಡನೆ ಎಲ್ಲರಿಗಿಂತ ಮೊದಲು ಹಂಚಬೇಕೆಂಬ ಅವಸರದಲ್ಲಿ ವಾಕ್ಯ ಮುಗ್ಗರಿಸುತ್ತದೆ, ಪಾತ್ರಗಳೆಲ್ಲ ಒಂದೇ ದನಿಯಲ್ಲಿ ಮಾತನಾಡುತ್ತವೆ. ನೀನು, ನೀವು, ತಾವು ಎಂಬ ಮೆಟ್ಟಿಲುಗಳುಳ್ಳ ಕನ್ನಡವಾದರೋ ಈ ಮರ್ಯಾದೆಯ ಭೇದಗಳನ್ನು ಇಂಗ್ಲಿಷಿಗಿಂತ ಸಹಜವಾಗಿ ತೋರಬಲ್ಲದು. ಅಂಥ ಅನುವಾದ ನಮಗೆ ಬೇಕು.

ಅದು ಬರುವ ದಾರಿಗೆ ಅಡ್ಡವಾಗಿರುವದು ಯಾವದು? ಮಾಂಗಾ ಬರೆಯುವವನು ವಾರವಾರವೂ ಕಂತು ಒಪ್ಪಿಸಿ ಪುಟದ ಲೆಕ್ಕದಲ್ಲಿ ಸಂಭಾವನೆ ಪಡೆಯುತ್ತಾನೆ. ಗ್ರಂಥರೂಪದಲ್ಲಿ ಮಾರಾಟವಾದಾಗ ಅವನಿಗೆ ಗೌರವಧನ. ಪುಕ್ಕಟೆಯ ಓದು ಈ ಎರಡನೆಯ ಆದಾಯವನ್ನು ತಿನ್ನುತ್ತದೆ. 'ಮಾಂಗಾಮುರಾ' ಎಂಬ ತಾಣ ಮೂಲ ಪುಟಗಳನ್ನೇ ಕದ್ದು ಹಂಚುತ್ತಿತ್ತು. ೨೦೧೮ರಲ್ಲಿ ಅದು ಮುಚ್ಚಿತು, ೨೦೨೧ರಲ್ಲಿ ಅದರ ಚಾಲಕನಿಗೆ ಮೂರು ವರ್ಷದ ಸೆರೆವಾಸದ ಶಿಕ್ಷೆಯಾಯಿತು. ಅಭಿಮಾನಿಯನ್ನು ಈ ವ್ಯಾಪಾರಿಯ ಸಾಲಿನಲ್ಲಿ ನಿಲ್ಲಿಸುವದು ಅನ್ಯಾಯ. ಆದರೂ ಕೊಳ್ಳುವವರ ಲೆಕ್ಕ ನೋಡಿಯೇ ಪ್ರಕಾಶಕನು ಹೊಸ ಭಾಷೆಗೆ ಕೈಹಾಕುವನು. ಕದ್ದ ಇಂಗ್ಲಿಷಿನಲ್ಲಿ ಓದಿ ತೃಪ್ತನಾದ ಕನ್ನಡ ವಾಚಕ ಆ ಲೆಕ್ಕದಲ್ಲಿ ಎಲ್ಲಿಯೂ ಕಾಣಿಸುವದಿಲ್ಲ. ಇಲ್ಲಿ ನಷ್ಟ ಜಪಾನಿನ ಕಲಾವಿದನಿಗಷ್ಟೇ ಅಲ್ಲ, ಇನ್ನೂ ಹುಟ್ಟದ ಕನ್ನಡ ಅನುವಾದಕ್ಕೂ ಆಗುತ್ತದೆ.

'ಮೃತ್ಯುಂಜಯ'ದ (೧೯೬೭) ಕರ್ತೃ ಶಿವಾಜಿ ಸಾವಂತರು (೧೯೪೦–೨೦೦೨) ಜನಿಸಿದ್ದು ಈ ಆಜರೆಯಲ್ಲಿ. ಆ ಕೃತಿಯನ್ನು ದೂರದೇಶದವರು ಹೇಳದೆ ಕೇಳದೆ ತಮ್ಮ ಭಾಷೆಗೆ ಇಳಿಸಿ ಹಂಚಿದ್ದರೆ ನಮಗೆ ಹೆಮ್ಮೆಯೊಡನೆ ನೋವೂ ಆಗುತ್ತಿತ್ತು. ಇಲ್ಲಿಯ ಘನಸಾಳ ಅಕ್ಕಿಯ ಹೆಸರನ್ನು ಬೇರೆಯವರು ಬಳಸದಂತೆ ಭೌಗೋಳಿಕ ಗುರುತಿನ ನೋಂದಣಿಯಾಗಿದೆ. ಬೆಳೆದವನ ಹಕ್ಕು ಅಕ್ಕಿಗಿದ್ದರೆ ಕಥೆಗೂ ಇರಬೇಕಲ್ಲವೇ?

ಹಾಗಾದರೆ ವಾಚಕನು ಮಾಡತಕ್ಕದ್ದೇನು? ತಾನು ಬಲ್ಲ ಭಾಷೆಯಲ್ಲಿ ಅಧಿಕೃತ ಪಾಠವಿದ್ದರೆ ಅದನ್ನೇ ಓದಬೇಕು. ಶುಯೇಶಾ ಪ್ರಕಾಶನವು ೨೦೧೯ರಲ್ಲಿ ತೆರೆದ 'ಮಾಂಗಾ ಪ್ಲಸ್' ಕಥೆಗಳ ಮೊದಲ ಹಾಗೂ ಇತ್ತೀಚಿನ ಕಂತುಗಳನ್ನು ಇಂಗ್ಲಿಷಿನಲ್ಲಿ ಹಣವಿಲ್ಲದೆ ಓದಗೊಡುತ್ತದೆ. ಇವುಗಳ ಮಟ್ಟಿಗೆ ಬಡತನದ ನೆವ ನಿಲ್ಲುವದಿಲ್ಲ. ಅಧಿಕೃತ ಪಾಠ ಎಲ್ಲಿಯೂ ಇಲ್ಲದಿದ್ದರೆ ಓದಿದ್ದು ಕ್ಷಮ್ಯ. ಆದರೆ ಅದು ಋಣ. ಅದನ್ನು ಮುಂದೆ ಹಂಚಬಾರದು, ಮೂಲ ಲೇಖಕನ ಹೆಸರನ್ನು ಅರಿತಿರಬೇಕು, ಅಧಿಕೃತ ಗ್ರಂಥ ಬಂದ ದಿನ ಕೊಳ್ಳಬೇಕು. ಕನ್ನಡಿಸುವ ಉತ್ಸಾಹವುಳ್ಳ ತರುಣರು ಮೊದಲು ಒಪ್ಪಿಗೆ ಕೇಳಿ ಪತ್ರ ಬರೆಯಲಿ. ತೆತ್ಸುಕೊ ಕುರೊಯಾನಗಿಯವರ 'ತೊತ್ತೋ-ಚಾನ್' ನ್ಯಾಶನಲ್ ಬುಕ್ ಟ್ರಸ್ಟಿನ ಮೂಲಕ ಕನ್ನಡಕ್ಕೆ ಬಂದು ಶಿಕ್ಷಕರ ಮನೆಮಾತಾಗಿದೆ. ಜಪಾನಿನಿಂದ ಕನ್ನಡಕ್ಕೆ ನೇರ್ಪಾದ ದಾರಿಯೊಂದು ಇದೆಯೆಂಬುದಕ್ಕೆ ಇಷ್ಟು ಸಾಕು. ಆ ದಾರಿಯಲ್ಲಿ ಮಾಂಗಾವೂ ಬರುವಂತೆ ಮಾಡುವದು ವಾಚಕರಾದ ನಮ್ಮ ಕೆಲಸವಾಗಿದೆ.