ಹಬ್ ಮೇಲಿನ ತುಕ್ಕು, ಸ್ಟೇರಿಂಗಿನ ನಡುಕ

ಬಾಗಲಕೋಟೆಯ ನವನಗರದ ಸೆಕ್ಟರ್ ರಸ್ತೆಗಳಲ್ಲಷ್ಟೇ ಓಡಾಡುವ ಹಳೆಯ ಕಾರಿಗೆ ಈ ಕಾಯಿಲೆ ಇದ್ದರೂ ಮಾಲೀಕರಿಗೆ ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ. ಇಲ್ಲಿ ವೇಗ ನಲವತ್ತು ದಾಟುವುದೇ ಅಪರೂಪ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಇಳಕಲ್ಲಿಗೆ ಹೊರಟು, ಹುನಗುಂದದ ಹತ್ತಿರ ಹೆದ್ದಾರಿ ಹತ್ತಿ ಎಂಬತ್ತರಲ್ಲಿ ಹೋಗುತ್ತಿರುವಾಗ, ಮುಂದೆ ಗ್ರಾನೈಟ್ ಬಂಡೆ ಹೇರಿದ ಲಾರಿ ನಿಧಾನಿಸುತ್ತದೆ. ಬ್ರೇಕ್ ಮೇಲೆ ಕಾಲಿಟ್ಟ ಕೂಡಲೇ ಸ್ಟೇರಿಂಗ್ ಕೈಯಲ್ಲಿ ಗಡಗಡ ನಡುಗುತ್ತದೆ. ಕಾಲು ತೆಗೆದರೆ ಸುಮ್ಮನಾಗುತ್ತದೆ. ಮರುದಿನ ಗ್ಯಾರೇಜಿಗೆ ಹೋದರೆ ಸಿಗುವ ಉತ್ತರ ಒಂದೇ: "ಡಿಸ್ಕ್ ಬೆಂಡ್ ಆಗೇತ್ರಿ, ಹೊಸಾದು ಹಾಕಿಬಿಡ್ರಿ."

ಹೊಸದು ಹಾಕಿದರೆ ನಡುಕ ಹೋಗುತ್ತದೆ, ನಿಜ. ಆದರೆ ಕೆಲವು ಸಾವಿರ ಕಿಲೋಮೀಟರ್ ಓಡಿದ ಮೇಲೆ ಬಹಳ ಕಾರುಗಳಲ್ಲಿ ಅದೇ ನಡುಕ ಮತ್ತೆ ಬರುತ್ತದೆ. ಆಗ ಕಂಪನಿಯ ಡಿಸ್ಕಿಗೂ ರಸ್ತೆಯ ಗುಂಡಿಗೂ ಬೈಗುಳ. ಅಳತೆ ಮಾಡದೆ ಡಿಸ್ಕ್ ಬದಲಿಸುವುದು ಜ್ವರ ನೋಡದೆ ಗುಳಿಗೆ ಕೊಟ್ಟ ಹಾಗೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಕೇಳಬೇಕಾದ್ದು, ನಡುಕ ಯಾವಾಗ ಎಂದು. ಬ್ರೇಕ್ ಮುಟ್ಟದೆಯೂ ಎಂಬತ್ತು–ತೊಂಬತ್ತರ ಆಸುಪಾಸಿನಲ್ಲಿ ಸ್ಟೇರಿಂಗ್ ನಡುಗಿದರೆ ಅದು ವೀಲ್ ಬ್ಯಾಲೆನ್ಸಿಂಗ್, ರಿಮ್ ಅಥವಾ ಟಯರಿನ ವಿಷಯ. ಬ್ರೇಕಿನ ತಂಟೆಗೆ ಹೋಗುವುದೇ ಬೇಡ. ಬ್ರೇಕ್ ಹಿಡಿದಾಗ ಮಾತ್ರ ನಡುಗಿದರೆ, ನಡುಕ ಕೈಗೆ ಬರುತ್ತದೋ ಕೂತ ಸೀಟಿಗೋ ನೋಡಿ. ಕೈಗೆ ಬಂದರೆ ಸಾಮಾನ್ಯವಾಗಿ ಮುಂದಿನ ಚಕ್ರ, ಸೀಟಿಗೆ ಬಂದರೆ ಹಿಂದಿನ ಡ್ರಮ್. ಅನುಮಾನ ಉಳಿದರೆ, ಹಿಂದೆ ಮುಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ ನಲವತ್ತರ ವೇಗದಲ್ಲಿ, ಹ್ಯಾಂಡ್‌ಬ್ರೇಕಿನ ಗುಂಡಿ ಒತ್ತಿ ಹಿಡಿದುಕೊಂಡೇ ಅದನ್ನು ಮೆಲ್ಲಗೆ ಎಳೆಯಿರಿ. ನಮ್ಮ ಹೆಚ್ಚಿನ ಹಳೆಯ ಕಾರುಗಳಲ್ಲಿ ಅದು ಹಿಂದಿನ ಚಕ್ರಗಳನ್ನಷ್ಟೇ ಹಿಡಿಯುತ್ತದೆ. ಆಗಲೂ ಕಾರು ಕುಲುಕಿದರೆ ಡ್ರಮ್ ದುಂಡಗೆ ಉಳಿದಿಲ್ಲ.

ನಡುಕದ ಲಯವನ್ನೂ ಗಮನಿಸಬೇಕು. ಹಳೆಯ ಮಾರುತಿ 800ರ 12 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 1.6 ಮೀಟರ್ ಸಾಗುತ್ತದೆ. ಅಂದರೆ ಎಂಬತ್ತರ ವೇಗದಲ್ಲಿ ಸೆಕೆಂಡಿಗೆ 14 ಸುತ್ತು, ನಲವತ್ತರಲ್ಲಿ ಏಳು. ಬ್ರೇಕ್ ಹಿಡಿದು ವೇಗ ಇಳಿದಂತೆ ನಡುಕವೂ ಅದೇ ಲೆಕ್ಕದಲ್ಲಿ ನಿಧಾನವಾದರೆ, ದೋಷ ಚಕ್ರದ ಜೊತೆ ತಿರುಗುವ ಯಾವುದೋ ಭಾಗದಲ್ಲಿದೆ ಎಂದು ಅರ್ಥ.

ಹಾಗಾದರೆ ಡಿಸ್ಕಿಗೆ ಏನಾಗಿರುತ್ತದೆ? ಡಿಸ್ಕ್ ಕೂರುವುದು ಹಬ್‌ನ ಮುಖದ ಮೇಲೆ. ಆ ಮುಖದಲ್ಲಿ ತುಕ್ಕಿನ ಒಂದು ಚಕ್ಕೆ ಉಳಿದರೂ ಡಿಸ್ಕ್ ಒಂದಿಷ್ಟು ವಾಲಿಕೊಂಡು ತಿರುಗುತ್ತದೆ. ಈ ಓಲಾಟ ಡಿಸ್ಕಿನ ಅಂಚಿನಲ್ಲಿ 0.10 ಮಿಲಿಮೀಟರಿನ ಆಚೀಚೆಯೊಳಗೆ ಇರಲಿ ಎಂಬುದು ಬಹಳಷ್ಟು ಕಾರುಗಳಿಗೆ ಹಾಕಿರುವ ಮಿತಿ. ಅದನ್ನು ಮೀರಿದರೂ ಮೊದಲ ದಿನ ನಡುಕ ಇರುವುದಿಲ್ಲ, ಏಕೆಂದರೆ ಓಲಾಡುವ ಡಿಸ್ಕಿನ ಜೊತೆ ಕ್ಯಾಲಿಪರ್ ತಾನೂ ಆಚೀಚೆ ಸರಿಯುತ್ತದೆ. ಬ್ರೇಕ್ ಹಿಡಿಯದೆ ಓಡುವಾಗ ಶುರುವಾಗುವುದು ನಿಜವಾದ ಹಾನಿ. ಪ್ರತಿ ಸುತ್ತಿನಲ್ಲೂ ಡಿಸ್ಕಿನ ಉಬ್ಬಿದ ಕಡೆ ಪ್ಯಾಡಿಗೆ ತಾಗಿ, ಅದೇ ಜಾಗ ಸವೆಯುತ್ತ ಹೋಗುತ್ತದೆ. ಕ್ರಮೇಣ ಡಿಸ್ಕ್ ಒಂದು ಕಡೆ ತೆಳುವು, ಇನ್ನೊಂದು ಕಡೆ ದಪ್ಪ. ಈ ದಪ್ಪದ ವ್ಯತ್ಯಾಸ 0.015 ಮಿಲಿಮೀಟರ್ ಮುಟ್ಟಿದರೆ ಸಾಕು, ಸ್ಟೇರಿಂಗಿನಲ್ಲಿ ಕೈಗೆ ಸಿಗತೊಡಗುತ್ತದೆ. ಕಣ್ಣಿಗೆ ಕಾಣುವ ಮಾತೇ ಇಲ್ಲ. ಡಿಸ್ಕ್ ಬಿಚ್ಚಿ ಬೆಳಕಿಗೆ ಹಿಡಿದು "ಬೆಂಡ್ ಐತಿ" ಎನ್ನುವವರ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ಓಲಾಟಕ್ಕೆ ಇನ್ನೊಂದು ಕಾರಣ ಚಕ್ರದ ನಟ್. ರಾತ್ರಿ ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಯಲ್ಲಿ ಒಂದು ನಟ್ಟನ್ನು ಪೂರ್ತಿ ಬಿಗಿದು, ಆಮೇಲೆ ಪಕ್ಕದ್ದು, ಅದರ ಪಕ್ಕದ್ದು ಎಂದು ಸ್ಪ್ಯಾನರ್ ಮೇಲೆ ಕಾಲಿಟ್ಟು ತುಳಿಯುತ್ತಾರೆ. ನಾಲ್ಕೂ ನಟ್ಟುಗಳನ್ನು ಮೊದಲು ಕೈಯಲ್ಲಿ ತಿರುಗಿಸಿ ಕೂರಿಸಬೇಕು, ಆಮೇಲೆ ಎದುರುಬದುರಾಗಿ ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. ಕೊನೆಯ ಬಿಗಿತ ಟಾರ್ಕ್ ರೆಂಚಿನಲ್ಲಿ, ಕಾರಿನ ಕೈಪಿಡಿ ಹೇಳಿದಷ್ಟು. ಪಂಕ್ಚರ್ ತೆಗೆಸಿದ ಕೆಲವು ತಿಂಗಳಿಗೆ ನಡುಕ ಬಂದಿದ್ದರೆ ನಾನು ಮೊದಲು ನೋಡುವುದು ಆ ಚಕ್ರವನ್ನೇ.

ಇನ್ನು ಅಳತೆ. ಬೇಕಾದ್ದು ಅಯಸ್ಕಾಂತದ ಬುಡವಿರುವ ಒಂದು ಡಯಲ್ ಗೇಜ್, ಒಂದು ಮೈಕ್ರೋಮೀಟರ್. 1963ರಿಂದ ಎಂಜಿನಿಯರಿಂಗ್ ಕಾಲೇಜು ಇರುವ ಊರು ನಮ್ಮದು; ಇವೆರಡನ್ನು ಹಿಡಿಯಬಲ್ಲ ಕೈಗಳಿಗೆ ಬಾಗಲಕೋಟೆಯಲ್ಲಿ ಕೊರತೆಯಿಲ್ಲ. ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಮೊದಲು ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್, ಅದನ್ನು ಸರಿಮಾಡದೆ ಮುಂದಿನ ಅಳತೆಗೆ ಬೆಲೆಯಿಲ್ಲ. ಆಟ ಇಲ್ಲದಿದ್ದರೆ ಚಕ್ರ ಬಿಚ್ಚಿ, ವಾಷರ್ ಕೊಟ್ಟು ನಟ್ಟುಗಳನ್ನು ಮತ್ತೆ ಹಾಕಿ ಡಿಸ್ಕನ್ನು ಹಬ್‌ಗೆ ಬಿಗಿ ಮಾಡಿ. ಗೇಜಿನ ಮೊನೆಯನ್ನು ಡಿಸ್ಕಿನ ಹೊರ ಅಂಚಿನಿಂದ ಸ್ವಲ್ಪ ಒಳಗೆ ತಾಗಿಸಿ, ಕೈಯಿಂದ ನಿಧಾನ ಒಂದು ಸುತ್ತು ತಿರುಗಿಸಿ. ಮುಳ್ಳು ಅತಿ ಹೆಚ್ಚು ಹೊರಳಿದ ಕಡೆ ಡಿಸ್ಕಿನ ಮೇಲೂ ಅದರ ನೇರಕ್ಕೆ ಹಬ್ ಮೇಲೂ ಸೀಮೆಸುಣ್ಣದಲ್ಲಿ ಗುರುತು ಹಾಕಿ.

ಈಗ ಡಿಸ್ಕ್ ಬಿಚ್ಚಿ, ಒಂದು ತೂತಿನಷ್ಟು ತಿರುಗಿಸಿ ಕೂರಿಸಿ, ಮತ್ತೆ ಅಳೆಯಿರಿ. ಉಬ್ಬು ಡಿಸ್ಕಿನ ಗುರುತಿನ ಜೊತೆಗೇ ಸರಿದಿದ್ದರೆ ತಪ್ಪು ಡಿಸ್ಕಿನದು. ಹಬ್‌ನ ಗುರುತಿನ ಬಳಿಯೇ ಉಳಿದಿದ್ದರೆ, ನೂರು ಹೊಸ ಡಿಸ್ಕ್ ತಂದು ಹಾಕಿದರೂ ಈ ನಡುಕ ತಪ್ಪಿದ್ದಲ್ಲ. ಹಬ್‌ನ ಮುಖವನ್ನು ತಂತಿ ಬ್ರಷ್, ಎಮೆರಿ ಕಾಗದದಲ್ಲಿ, ಸ್ಟಡ್‌ಗಳ ಬುಡದ ಸಂದಿಯನ್ನೂ ಬಿಡದೆ, ಬರಿ ಲೋಹ ಕಾಣುವವರೆಗೆ ತಿಕ್ಕಬೇಕು. ಅರ್ಧ ಗಂಟೆಯ ಕೆಲಸ. ಇಡೀ ರಿಪೇರಿಯಲ್ಲಿ ಅತಿ ಮುಖ್ಯವಾದದ್ದು ಇದು, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ.

ಕೆಲವೊಮ್ಮೆ ಡಿಸ್ಕ್ ಸವೆದಿರುವುದಿಲ್ಲ, ಪ್ಯಾಡಿನ ಪದಾರ್ಥ ಅದರ ಮೇಲೆ ಅಲ್ಲಲ್ಲಿ ಅಂಟಿಕೊಂಡಿರುತ್ತದೆ. ಫೋರ್ಡ್ ಜಿಟಿ ತಂಡದ ಜೊತೆ ದುಡಿದ ರೇಸಿಂಗ್ ಎಂಜಿನಿಯರ್ ಕ್ಯಾರಲ್ ಸ್ಮಿತ್ ಅವರಂತೂ, ತಾವು ಪರಿಶೀಲಿಸಿದ ಬೆಂಡ್ ಡಿಸ್ಕಿನ ದೂರುಗಳ ಹಿಂದೆಲ್ಲ ಕಂಡದ್ದು ಹೀಗೆ ಏರುಪೇರಾಗಿ ಅಂಟಿದ ಪದಾರ್ಥವೇ ಎಂದು ಬರೆದಿದ್ದಾರೆ. ಗುಡ್ಡ ಇಳಿಯುತ್ತ ಬ್ರೇಕ್ ಕಾಯಿಸಿಕೊಂಡು ಬಂದು, ಕೆಳಗೆ ನಿಂತಾಗಲೂ ಪೆಡಲ್ ಒತ್ತಿಯೇ ಹಿಡಿದರೆ ಕಾದ ಡಿಸ್ಕಿನ ಮೇಲೆ ಪ್ಯಾಡಿನ ಅಚ್ಚು ಬೀಳುತ್ತದೆ. ಬನಶಂಕರಿ ಜಾತ್ರೆಗೆಂದು ಬಾದಾಮಿಗೆ ಹೊರಡುವವರು ತಿಂಗಳುಗಟ್ಟಲೆ ನಿಂತಿದ್ದ ಕಾರನ್ನು ಅಂದೇ ತೆಗೆದರೆ, ಮಳೆಗಾಲದಿಂದ ಪ್ಯಾಡ್ ಕೂತಿದ್ದ ಜಾಗದ ತುಕ್ಕಿನ ಗುರುತು ಅದೇ ರೀತಿ ನಡುಗಿಸುತ್ತದೆ. ಇಂಥ ಗುರುತು ತೆಳುವಾಗಿದ್ದರೆ ಕೆಲವು ಕಿಲೋಮೀಟರಿನಲ್ಲೇ ಉಜ್ಜಿ ಹೋಗಬಹುದು. ಅಂಟಿದ ಕಡೆ ತೀರಾ ಕಾದು ಎರಕದ ಕಬ್ಬಿಣವೇ ಗಟ್ಟಿ ಸಿಮೆಂಟೈಟ್ ಆಗಿದ್ದರೆ ಮಾತ್ರ ಡಿಸ್ಕ್ ಬದಲಿಸಲೇಬೇಕು. ಆ ಗಟ್ಟಿತನ ಒಳಗಿನವರೆಗೂ ಇಳಿದಿರುವುದರಿಂದ ಲೇತ್ ಹೊಡೆಸಿ ಉಪಯೋಗವಿಲ್ಲ.

ಕ್ಯಾಲಿಪರಿನ ಪಿನ್ನುಗಳನ್ನು ಮರೆಯಬಾರದು. ಗ್ರೀಸ್ ಒಣಗಿ ಪಿನ್ ಜಾಮ್ ಆದರೆ ಪ್ಯಾಡ್ ಹಿಂದೆ ಸರಿಯದೆ ಉಜ್ಜುತ್ತಲೇ ಇರುತ್ತದೆ. ಬ್ರೇಕ್ ಹೆಚ್ಚು ಬಳಸದೆ ಓಡಿಸಿ ಬಂದು ಎರಡೂ ಮುಂದಿನ ರಿಮ್ಮುಗಳ ಹತ್ತಿರ ಅಂಗೈ ತನ್ನಿ, ಮುಟ್ಟಬೇಡಿ. ಒಂದರ ಕಾವು ಹೆಚ್ಚಿದ್ದರೆ ಗೊತ್ತಾಗುತ್ತದೆ. ಲೋವರ್ ಆರ್ಮ್ ಬುಷ್ ಸವೆದಿದ್ದರೆ ಸಣ್ಣ ನಡುಕವೂ ದೊಡ್ಡದಾಗಿ ಕೈಗೆ ಬರುತ್ತದೆ, ಆದರೆ ಮೂಲ ಅದಲ್ಲ.

ಡಿಸ್ಕಿಗೆ ಲೇತ್ ಹೊಡೆಸುವುದಾದರೆ, ಕಂಪನಿ ಹೇಳಿದ ಕನಿಷ್ಠ ದಪ್ಪ ಉಳಿಯುತ್ತದೆಯೇ ಎಂದು ಮೊದಲೇ ಅಳೆಯಿರಿ. ಕಡಿಮೆಯಾಗುವಂತಿದ್ದರೆ ಎರಡೂ ಬದಿಗೆ ಹೊಸದು, ಜೊತೆಗೆ ಹೊಸ ಪ್ಯಾಡ್. ಕೂರಿಸಿದ ಮೇಲೆ ಇನ್ನೊಮ್ಮೆ ಗೇಜ್ ಹಚ್ಚಿ ನೋಡಿಯೇ ಚಕ್ರ ಹಾಕಿ. ಆಮೇಲೆ ಬೆಳಗಿನ ಹೊತ್ತು, ಕಬ್ಬಿನ ಟ್ರ್ಯಾಕ್ಟರ್‌ಗಳು ರಸ್ತೆಗೆ ಇಳಿಯುವ ಮುಂಚೆ, ಗದ್ದನಕೇರಿ ಕ್ರಾಸ್ ದಾಟಿ ಹೋಗಿ. ಅರವತ್ತರಿಂದ ಹದಿನೈದಕ್ಕೆ ಹದವಾಗಿ ಬ್ರೇಕ್ ಹಿಡಿದು ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಏರಿಸಿ. ಹೀಗೆ ಎಂಟು ಹತ್ತು ಸಲ ಮಾಡಿದ ಮೇಲೆ ಬ್ರೇಕ್ ಮುಟ್ಟದೆ ನಾಲ್ಕೈದು ಕಿಲೋಮೀಟರ್ ಓಡಿಸಿ ಡಿಸ್ಕ್ ಆರಲು ಬಿಡಿ. ಮನೆಗೆ ಬಂದು ನಟ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಮತ್ತೊಮ್ಮೆ ಪರೀಕ್ಷಿಸಿ.